ಎರಡನೆಯ ತಟ್ಟಿನ ನಂತರ

ವಿನಿಪೆಗ್
ಫೆಬ್ರವರಿ ೯

ಪ್ರಿಯ ಲಾರ್ನ್,

ನಿಮಗೂ ಮೈರ್ನಾಗೂ ನನ್ನ ನಮಸ್ಕಾರಗಳು. ಕ್ರಿಸ್‌ಮಸ್‌ಗೆ ನೀವು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಚಳಿಗೆ ಕಾರು ಸ್ಟಾರ್ಟ್ ಆಗಲಿಲ್ಲವೆಂದು ಕಚೇರಿಗೆ ಹೇಳಬಹುದು, ಕಾಗದಕ್ಕೆ ಆ ನೆಪ ನಡೆಯುವುದಿಲ್ಲ. ಮಾರ್ಚಿನಲ್ಲಿ ಒಂದು ವಾರ ಬರಲೇ ಎಂದು ಕೇಳಿದ್ದಿರಿ. ನಮ್ಮ ಕಚೇರಿಯಲ್ಲಿ ಇಬ್ಬರು ಎದುರುಬದುರು ಕೂತು, ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ತಿದ್ದುವ ಕೊನೆಯ ಕೈಪಿಡಿ ಆಸ್ಪತ್ರೆಯ ಈ ಔಷಧಿ ಪಂಪಿನದು. ಏಪ್ರಿಲ್‌ನಿಂದ ಕಂಪ್ಯೂಟರೇ ಓದುತ್ತದೆ. ಇದನ್ನು ಜೊತೆಯಾಗಿ ಮುಗಿಸೋಣ ಎಂದಿರಿ. ತಡವಾದದ್ದು ಆ ಪ್ರಶ್ನೆಯಿಂದ.

ನಿಮ್ಮ ಕುರ್ಚಿಯಲ್ಲಿ ಈಗ ಟ್ರೆವರ್ ಎಂಬವನು. ಒಳ್ಳೆಯವನು, ಡೋನಟ್ ತರುತ್ತಾನೆ. ಪಂಪಿನ ಪರದೆಯ ಮೇಲೆ ಕಾಣುವ ಅಥವಾ ಅದರಲ್ಲಿ ಒತ್ತಬೇಕಾದ ಪದ ಬಂದಾಗ ನೀವು ಮಾಡುತ್ತಿದ್ದಂತೆ ಪೆನ್ಸಿಲಿನಿಂದ ಮೇಜು ತಟ್ಟಲು ಹೇಳಿಕೊಟ್ಟೆ: ಉದ್ಧರಣ ಚಿಹ್ನೆ ತೆರೆಯುವಾಗ ಒಂದು ತಟ್ಟು, ಮುಚ್ಚುವಾಗ ಇನ್ನೊಂದು, ವಾಕ್ಯ ಮುಗಿಸುವ ಚುಕ್ಕಿ ಅದಾದ ಮೇಲೆ. ಅವನು ಚುಕ್ಕಿಯನ್ನು ಮೊದಲೇ ಹೇಳಿ ತಟ್ಟುತ್ತಿದ್ದ. ಶಾಲೆಯಲ್ಲಿ ಹಾಗೇ ಕಲಿಸಿದ್ದರಂತೆ.

“ಒಂದು ಚುಕ್ಕಿ ಥೋರಾ, ಒಳಗಿದ್ರೇನು, ಹೊರಗಿದ್ರೇನು? ಅದಕ್ಕೆ ಯಾರಾದ್ರೂ ಸಾಯ್ತಾರಾ?”

“ಪರದೇಲಿ ಚುಕ್ಕಿ ಇಲ್ಲ. ನರ್ಸು ಪುಸ್ತಕ ನೋಡಿ ಚುಕ್ಕಿ ಸಮೇತ ಒತ್ತಿದ್ರೆ ಪಂಪು ಒಪ್ಪಲ್ಲ. ಹಾಸಿಗೇಲಿ ಮಲಗಿರೋನನ್ನ ಕೇಳು ನಿನ್ನ ಪ್ರಶ್ನೇನ,” ಎಂದೆ.

ಅವನು ಡೋನಟ್ ಕೆಳಗಿಟ್ಟ. ಆಮೇಲೆ ತಪ್ಪಿಲ್ಲ. ಓದೂ ಸ್ಪಷ್ಟ. ನಿಮ್ಮ ಹಾಗೆ ಪರದೆಯ ಮಾತಿಗೆ ದನಿ ತಗ್ಗಿಸುವುದಿಲ್ಲ, ಅಷ್ಟೆ. “ಕಾಯಿರಿ”, “ಮತ್ತೆ ಪ್ರಯತ್ನಿಸಿ”, “ಇನ್ನೂ ಸಂಪರ್ಕವಿಲ್ಲ”. ಯಂತ್ರದ ಈ ಮಾತುಗಳನ್ನು ನೀವು ಪಕ್ಕದ ಮೇಜಿಗೆ ಕೇಳಿಸಬಾರದೆಂಬಂತೆ ಓದುತ್ತಿದ್ದಿರಿ. ನಾನು ಹಾಳೆಯಿಂದ ತಲೆಯೆತ್ತುತ್ತಿರಲಿಲ್ಲ.

ಬರಬೇಡಿ, ಲಾರ್ನ್. ಕೆಲಸ ನೀವಿಲ್ಲದೆಯೂ ಆಗುತ್ತದೆ. ವಾರ ಬೇಗ ಕಳೆಯುತ್ತದೆ, ನೀವು ಹೊರಟ ಮಾರನೆಯ ದಿನ ನಾನು ಅದೇ ಮೇಜಿಗೆ ಬರಬೇಕು. ಅಂಥದ್ದೊಂದು ಬೆಳಗನ್ನು ನೀವು ನಿವೃತ್ತರಾದಾಗಲೇ ಕಂಡಿದ್ದೇನೆ. ಇನ್ನೊಂದು ನನ್ನಿಂದಾಗದು.

ವಿಕ್ಟೋರಿಯಾದ ಸಮುದ್ರದ ಗಾಳಿ ನಿಮ್ಮ ಎದೆಗೆ ಹಿತವಾಗಿರಲಿ. ಇಬ್ಬರೂ ಸುಖವಾಗಿರಿ.

ನಿಮ್ಮ
ಥೋರಾ

ತಾ.ಕ.: ಈ ಕಾಗದವನ್ನು ಮೈರ್ನಾಗೆ ತೋರಿಸಬಹುದು. ಹೆಂಡತಿಗೆ ತೋರಿಸಬಾರದ್ದು ಇದರಲ್ಲೇನೂ ಇಲ್ಲ. ಇಷ್ಟು ವರ್ಷ ಎದುರುಬದುರು ಕೂತೂ ಅಂಥದ್ದೊಂದು ನಮ್ಮ ನಡುವೆ ಆಗಲೇ ಇಲ್ಲ.