ಅವರು ಮಲಗಿದಾಗ ನೀನು ಬೀಸಿದ ರಾಗಿ

ಭದ್ರಾವತಿ, ನ್ಯೂಟೌನ್
ಕಾರ್ತಿಕ ಮಾಸ, ೧೯೬೧

ಸುಭದ್ರಕ್ಕನಿಗೆ,

ನಮಸ್ಕಾರ ಎಂದು ಬರೆಯಬೇಕಂತೆ. ಮನಸ್ಸಿಲ್ಲದೆ ಬರೆದಿದ್ದೇನೆ, ಇಟ್ಟುಕೋ. ನೀನು ಹೋಗಿ ಮೂರು ವರ್ಷವಾಯಿತು. ನಾನು ನಿನ್ನ ಗಂಡನ ಕೈಹಿಡಿದು ಎರಡು ವರ್ಷ. ನಾವಿಬ್ಬರೂ ಒಬ್ಬರನ್ನೊಬ್ಬರು ಎದುರಿಗೆ ಕಂಡವರಲ್ಲ. ಆದರೂ ಮದುವೆಯ ದಿನ, ಸವತಿಯ ಕಾಟ ತಟ್ಟದಿರಲಿ ಎಂದು ನಿನ್ನ ಹೆಸರಿನದೊಂದು ಚಿನ್ನದ ಬೊಟ್ಟನ್ನು ನನ್ನ ತಾಳಿಯ ಜೊತೆ ಪೋಣಿಸಿದರು. ಅಂದಿನಿಂದ ನೀನು ನನ್ನ ಕೊರಳಲ್ಲೇ ಇದ್ದೀಯ. ಹಾಗಾಗಿ ಈ ಕಾಗದಕ್ಕೆ ಅಂಚೆಪೆಟ್ಟಿಗೆ ಬೇಕಿಲ್ಲ.

ಅವರು ಕಬ್ಬಿಣದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದಾರೆ. ಅತ್ತೆ ಮಠಕ್ಕೆ ಹೋಗಿದ್ದಾರೆ. ಅವರು ಏಳುವುದರೊಳಗೆ ನಾನೊಂದು ವಿಷಯ ತೀರ್ಮಾನ ಮಾಡಬೇಕು. ಅದು ನಿನ್ನದೇ ವಿಷಯ.

ನಿನ್ನನ್ನು ಕಂಡರೆ ನನಗಾಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪಟಕ್ಕೆ ದಿನಾ ಹೂವು, ಉಳಿದರೆ ನನ್ನ ಜಡೆಗೆ. ನಾನು ರಾಗಿಯ ಡಬ್ಬ ಹಿಡಿದು ಹಿಟ್ಟಿನ ಮಿಲ್ಲಿಗೆ ಹೊರಟಾಗಲೆಲ್ಲ ಅತ್ತೆಯ ಮಾತು ಬೆನ್ನ ಹಿಂದೆ ಬರುತ್ತದೆ: "ನಮ್ಮ ಸುಭದ್ರೆ ಮಿಲ್ಲಿನ ಬಾಗ್ಲು ನೋಡಿದೋಳಲ್ಲ. ಎಲ್ಲಾ ಮನೇಲೇ ಬೀಸೋಳು. ಈಗಿನೋರಿಗೆ ಮೈ ಬಗ್ಗಲ್ಲ." ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ನನಗೂ ಗೊತ್ತು. ನೀನು ಬದುಕಿದ್ದಿದ್ದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು. ಪಟದ ಜೊತೆ ಹೇಗೆ ಜಗಳವಾಡಲಿ?

ಅದನ್ನೂ ನುಂಗಿಕೊಂಡಿದ್ದೆ. ನುಂಗಲಾಗದ್ದು ಅವರು ಹಲ್ಲು ಕಡಿಯುವ ಸದ್ದು. ಕಣ್ಣು ಹತ್ತಿದ್ದೇ ತಡ, ಕರಕರ ಕರಕರ ಶುರು. ರಾತ್ರಿ ಹೊತ್ತು ಅತ್ತೆಯ ಗೊರಕೆಯಲ್ಲಿ ಅದು ಮುಚ್ಚಿಹೋಗುತ್ತದೆ. ಹಗಲು ಮಲಗಿದರೆ ಮುಚ್ಚುವವರು ಯಾರು? ಈ ಕ್ವಾರ್ಟರ್ಸಿನಲ್ಲಿ ಎರಡು ಮನೆಗೆ ಒಂದೇ ಗೋಡೆ. ನಲ್ಲಿಯ ಹತ್ತಿರ ಒಬ್ಬಳು ಕೇಳಿಯೇಬಿಟ್ಟಳು: "ಏನ್ ಮಾರಾಯ್ತಿ, ನಿನ್ ಯಜಮಾನ್ರು ನಿದ್ದೇಲೂ ನಿನ್ ಮೇಲೆ ಹಲ್ಲು ಕಡೀತಾರಂತೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೊಡವನ್ನು ಕುಕ್ಕಿದ ರಭಸಕ್ಕೆ ಅದರ ತಳ ನೆಗ್ಗಿತು.

ಅತ್ತೆ ಹೊಟ್ಟೆಯಲ್ಲಿ ಜಂತುಹುಳು ಎಂದು ತೀರ್ಪು ಕೊಟ್ಟು, ಕುಲುಮೆಯ ಮುಂದೆ ದುಡಿಯುವ ಆ ಗಂಡಸಿಗೆ ಮಗುವಿಗೆ ಕುಡಿಸಿದಂತೆ ಮೂಗು ಹಿಡಿದು ಹರಳೆಣ್ಣೆ ಕುಡಿಸಿದರು. ಅವರು ಒಂದು ದಿನದ ರಜೆ ಕಳೆದುಕೊಂಡರು, ಹಲ್ಲು ಕಡಿಯುವುದನ್ನು ಕಳೆದುಕೊಳ್ಳಲಿಲ್ಲ. ಆಮೇಲೆ ಅತ್ತೆ ನನ್ನ ಕಡೆ ತಿರುಗಿ ಹೇಳಿದರು: "ಸುಭದ್ರೆ ಇದ್ದಾಗ ಇದೆಲ್ಲ ಇರ್ಲಿಲ್ಲಮ್ಮ. ಕೂಸಿನ ಥರ ಮಲಗೋನು." ಆ ಮಾತು ನನ್ನನ್ನು ಕತ್ತರಿಸಿ ಹಾಕಿತು. ನಿನ್ನ ಪಕ್ಕದಲ್ಲಿ ಕೂಸು, ನನ್ನ ಪಕ್ಕದಲ್ಲಿ ಹೀಗೆ. ಅವರ ಒಳಮನಸ್ಸಿಗೆ ನಾನು ಬೇಡವಾಗಿರಬೇಕು ಎಂದುಕೊಂಡೆ.

ಕಳೆದ ತಿಂಗಳು ಕೋಡುಬಳೆ ಕಡಿಯುವಾಗ ಅವರ ದವಡೆ ಹಲ್ಲಿನ ಚೂರೊಂದು ಹಾರಿಹೋಯಿತು. ಶಿವಮೊಗ್ಗದ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಅವರು ಬಾಯಿ ತೆರೆಸಿ ದೀಪ ಬಿಟ್ಟು ನೋಡಿ, ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಹಲ್ಲುಗಳ ತುದಿಗಳೆಲ್ಲ ಸವೆದು ಸಪಾಟಾಗಿದ್ದವು. "ಹುಳಾನೂ ಇಲ್ಲ, ಏನೂ ಇಲ್ಲ. ನಿದ್ದೇಲಿ ಹಲ್ಲು ಕಡಿಯೋ ಅಭ್ಯಾಸ. ಇದು ಒಂದೆರಡು ವರ್ಷದ ಸವೆತ ಅಲ್ಲಮ್ಮ, ಹತ್ತು ವರ್ಷದ್ದಾದ್ರೂ ಇರ್ಬೇಕು." ನಿನ್ನ ಗಂಡ ಕಣ್ಣು ಕಣ್ಣು ಬಿಟ್ಟರು. "ನಂಗೆ ಗೊತ್ತೇ ಇಲ್ಲ ಸಾರ್. ಇವಳು ಬಂದ್ ಮೇಲೇ ಯಾರೋ ಹೇಳಿದ್ದು."

ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಡಾಕ್ಟರು ಒಂದು ಕವಚದ ಅಳತೆ ತೆಗೆದುಕೊಂಡರು. ಕೆಲಸದಿಂದ ಬಂದವರು ಚಹಾ ಕುಡಿದು ಕೂಡಲೇ ಮಲಗಬಾರದು, ದವಡೆಗೆ ಬಿಸಿನೀರಿನ ಬಟ್ಟೆ ಇಡಬೇಕು, ಅಡಿಕೆ ಜಗಿಯುವುದು ಬಿಡಬೇಕು ಎಂದರು. ಎಚ್ಚರವಿದ್ದಾಗ ತುಟಿ ಮುಚ್ಚಿದ್ದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದಂತೆ. ಇದನ್ನು ನಾನೂ ಕಲಿತೆ. ಅತ್ತೆ ನಿನ್ನ ಹೊಗಳಲು ಶುರುಮಾಡಿದಾಗ ಬಹಳ ಉಪಯೋಗಕ್ಕೆ ಬರುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಖುಷಿ ಕೇಳಬೇಡ. ಇದು ನನ್ನಿಂದ ಬಂದದ್ದಲ್ಲ! ಮಲವಗೊಪ್ಪ ದಾಟುವಷ್ಟರಲ್ಲಿ ಆ ಖುಷಿ ಇಳಿಯಿತು. ಹತ್ತು ವರ್ಷದ್ದಾದರೆ ನಿನ್ನ ಕಾಲದಲ್ಲೂ ಇತ್ತು. ಹಾಗಾದರೆ ಅತ್ತೆಗೆ ಏಕೆ ಕೇಳಿಸಲಿಲ್ಲ?

ಗೋಡೆಯಾಚೆಯ ಪುಷ್ಪಮ್ಮನನ್ನು ಕೇಳಿದೆ. ಅವಳು ಮುಖ ಸಿಂಡರಿಸಿದಳು. "ಆವಾಗ ಅವಳ ಬೀಸೋ ಕಲ್ಲಿನ ಸದ್ದು ಬಿಟ್ರೆ ಇನ್ನೇನ್ ಕೇಳಿಸ್ತಿತ್ತು? ಅವರು ಮಲಗಿದ್ರೆ ಸಾಕು, ಕಲ್ಲಿನ ಮುಂದೆ ಕೂರೋಳು. ಪಾಪ, ದುಡಿದು ಬಂದ ಗಂಡ ಮಲಗಿದಾನೆ, ಈಗ್ಲೇ ಬೀಸ್ಬೇಕಾ ಅಂತ ನಾನೇ ಎಷ್ಟೋ ಸಲ ಬೈದಿದೀನಿ. ನಕ್ಕು ಮತ್ತೆ ಬೀಸೋಳು."

ಅಕ್ಕ, ಆಗ ನನಗೆ ತಿಳಿಯಿತು. ಮಿಲ್ಲು ಇದ್ದೂ ನೀನು ಬೀಸಿದ್ದು ಆ ಕರಕರವನ್ನು ಮುಚ್ಚುವುದಕ್ಕೇ. ಅತ್ತೆ ಹರಳೆಣ್ಣೆ ತರಬಾರದು, ನಲ್ಲಿಯ ಹತ್ತಿರ ಯಾರೂ ನಗಬಾರದು, ಅವರಿಗೂ ತಿಳಿದು ಮುಜುಗರವಾಗಬಾರದು ಎಂದು. ನಿನ್ನ ಸಂಸಾರದ ಎಂಟು ವರ್ಷವೂ ಬೈಗುಳ ತಿಂದು ಅಂಗೈ ಸವೆಸಿಕೊಂಡೆಯಲ್ಲ, ನಿನ್ನಂಥವಳ ಎದುರು ನಾನು ಹೇಗೆ ಗೆಲ್ಲಲಿ? ಆ ದಿನ ಪಟದ ಮುಂದೆ ನಿಂತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ.

ಆಮೇಲೆ ನನ್ನ ಮನಸ್ಸಿಗೊಂದು ಹಬ್ಬ ಬಂತು. ಮೊನ್ನೆ ಅವರ ದವಡೆಗೆ ಬಿಸಿ ಬಟ್ಟೆ ಇಡುತ್ತಾ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸುಭದ್ರೆ ಒಂದಿನ ಹಿಂಗೆ ಹತ್ರ ಕೂತೋಳಲ್ಲ. ನಾನು ಹಾಸಿಗೆಗೆ ಬಂದ್ರೆ ಅವಳು ಕಲ್ಲಿನ ಹತ್ರ ಹೋಗೋಳು. ನನ್ನ ಕಂಡ್ರೆ ಅವಳಿಗೆ ಅಷ್ಟಕ್ಕಷ್ಟೇ ಇತ್ತು ಅನ್ಸತ್ತೆ."

ನನಗೆ ಎಷ್ಟು ಸಂತೋಷವಾಯಿತೆಂದರೆ, ಬಟ್ಟೆಯನ್ನು ಇನ್ನೊಮ್ಮೆ ಬಿಸಿನೀರಿಗೆ ಅದ್ದಿ ತಂದೆ. ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಹೇಳಿದರೆ ಅವರು ಪೂರ್ತಿ ನಿನ್ನವರಾಗುತ್ತಾರೆ. ಸುಮ್ಮನಿದ್ದರೆ ನನ್ನವರು. ಪುಷ್ಪಮ್ಮನಿಗೆ ಅರ್ಥವಾಗಿಲ್ಲ, ಅತ್ತೆಗೆ ಗೊತ್ತಿಲ್ಲ, ನೀನಂತೂ ಬಂದು ಹೇಳುವಂತಿಲ್ಲ.

ಅಂದಿನಿಂದ ಊಟ ಸೇರುತ್ತಿಲ್ಲ. ಇವತ್ತು ಬೆಳಿಗ್ಗೆ ಎದ್ದರೆ ನನ್ನ ದವಡೆ ನೋಯುತ್ತಿತ್ತು. "ನೀನೂ ಶುರು ಮಾಡಿದ್ಯಲ್ಲೇ" ಎಂದು ಅತ್ತೆ ಹರಳೆಣ್ಣೆಯ ಬಾಟಲಿ ಹುಡುಕಿದರು.

ಸರಿ, ಹೇಳುತ್ತೇನೆ. ಅವರು ಎದ್ದ ಕೂಡಲೇ ಹೇಳುತ್ತೇನೆ. ನಿನ್ನ ಮೇಲಿನ ಪ್ರೀತಿಯಿಂದಲ್ಲ, ಹಾಗೆಂದು ತಿಳಿಯಬೇಡ. ಗಂಡನಿಗೆ ನಾನು ಬೇಡವಾದೆನೇನೋ ಎಂಬ ನೋವು ಎಂಥದ್ದೆಂದು ನನಗೆ ಗೊತ್ತು. ಅದೇ ನೋವನ್ನು ಅವರು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಾರೋ. ಅವರು ಅತ್ತರೆ ಅಳಲಿ. ನಿನ್ನ ಪಟಕ್ಕೆ ಅವರೇ ಹೂವು ಹಾಕಿದರೆ ಹಾಕಲಿ. ನಾನು ಹಲ್ಲಿಗೆ ಹಲ್ಲು ತಾಗಿಸದೆ ನಿಂತಿರುತ್ತೇನೆ.

ಆದರೆ ಒಂದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಕವಚ ಇನ್ನೂ ಬಂದಿಲ್ಲ. ಒಳಗೆ ಈಗ ಮತ್ತೆ ಕರಕರ ಶುರುವಾಗಿದೆ. ನಾನು ಹೋಗಿ ಅವರ ಕೆನ್ನೆಯ ಮೇಲೆ ಅಂಗೈ ಇಟ್ಟರೆ ಸದ್ದು ನಿಲ್ಲುತ್ತದೆ. ನೀನು ಕಲ್ಲಿನ ಹತ್ತಿರ ಕೂತಿದ್ದೆ, ಅಕ್ಕ. ಹೀಗೆ ನಿಲ್ಲುತ್ತದೆ ಎಂದು ನಿನಗೆ ಗೊತ್ತೇ ಆಗಲಿಲ್ಲ.

ಶಿವನ ಪಾದದಲ್ಲಿ ನಿನ್ನ ಕೈಗಳಿಗೆ ಬಿಡುವು ಸಿಗಲಿ. ಆ ಸದ್ದು ಕರೆಯುತ್ತಿದೆ, ಹೋಗುತ್ತೇನೆ.

ನಿನ್ನ ಸವತಿ,
ಜಯಶೀಲಾ