ಬಿಸ್ಕಿಟ್‌ನ ಬೆನ್ನ ಮೇಲಿನ ಎರಡು ಸುಳಿ

ಮಾನ್ಯ ನಿರ್ದೇಶಕರೇ,

ನಿಮ್ಮ ಚೈಲ್ಡ್‌ಕೇರ್ ಕೇಂದ್ರದಲ್ಲಿ ಸತ್ತುಹೋದ ಗಿನಿಪಿಗ್ಗಿನ ಗೂಡಿನಲ್ಲಿ ಅದೇ ಬಣ್ಣದ ಇನ್ನೊಂದನ್ನು ತಂದಿಟ್ಟು, ಇದು ಅದೇ ಎಂದು ಇಪ್ಪತ್ತೆರಡು ಮಕ್ಕಳನ್ನು ನಂಬಿಸಿದಿರಿ. ಅಲ್ಲ ಎಂದವಳು ಒಬ್ಬಳೇ. ನಾಲ್ಕು ವರ್ಷದ ಆ ಹುಡುಗಿ ನನ್ನ ಮಗಳು ಪ್ರಣತಿ. ನಿಜ ಹೇಳಿದ್ದಕ್ಕೆ ಅವಳು ನಿಮ್ಮ ಕೋಣೆಯಲ್ಲಿ ನಿಂತು ಸಾರಿ ಹೇಳಬೇಕಾಯಿತು. ಅದನ್ನು ಹೇಳಿಸಿದ ಪಾಪಿ ನಾನೇ. ಆ ಕಥೆಗೂ ಬರುತ್ತೇನೆ.

ಇಂಗ್ಲಿಷಿನಲ್ಲಿ ನಿಮಗೆ ಎರಡು ಪತ್ರ ಬರೆದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ ಎರಡಕ್ಕೂ ಬಂತು. ಅಷ್ಟು ಅಮೂಲ್ಯವಾದದ್ದನ್ನು ನಿಮ್ಮೊಬ್ಬರಿಗೇ ಕೊಡುವುದು ಸರಿಯಲ್ಲವೆಂದು ಮೂರನೆಯದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ಸಿಡ್ನಿಯ ಈ ಭಾಗದಲ್ಲಿ ಸ್ಕೋಫೀಲ್ಡ್ಸ್‌ನಿಂದ ಗಿರಾವೀನ್‌ವರೆಗೆ ಇದನ್ನು ಓದುವ ಮನೆಗಳಲ್ಲಿ ನಿಮ್ಮಲ್ಲಿ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಓಡುವವರು ಬೇಕಾದಷ್ಟು ಮಂದಿ ಇದ್ದಾರೆ. ಯಾರಾದರೂ ನಿಮಗೆ ಅರ್ಥ ಹೇಳಿಯಾರು. ಹೇಳುವಾಗ ಸಿಟ್ಟು ಸ್ವಲ್ಪ ಕಡಿಮೆಯಾದರೆ ಅದು ನಿಮ್ಮ ಪುಣ್ಯ.

ಪ್ರಣತಿಯನ್ನು ಸೇರಿಸುವಾಗ ನೀವು ಕೊಟ್ಟ ಬಣ್ಣದ ಪುಸ್ತಿಕೆ ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ. ಸಾಕುಪ್ರಾಣಿಯಿಂದ ಮಕ್ಕಳು ಕರುಣೆ, ಹೊಣೆಗಾರಿಕೆ ಮತ್ತು ಜೀವನಚಕ್ರವನ್ನು ಕಲಿಯುತ್ತಾರೆ ಎಂದು ಅದರಲ್ಲಿದೆ. ಓದಿ ನಾನೂ ನನ್ನ ಹೆಂಡತಿ ಅಹಲ್ಯಾಳೂ ಹಿಗ್ಗಿದೆವು. ನಮ್ಮ ಬಡಾವಣೆಯಲ್ಲಿ ನಾಯಿ ಬೊಗಳಿದರೂ ಪಕ್ಕದವರು ಕೌನ್ಸಿಲ್ಲಿಗೆ ಬರೆಯುತ್ತಾರೆ. ಮಗು ಎಲ್ಲಾದರೂ ಒಂದು ಜೀವವನ್ನು ಮುಟ್ಟಲಿ ಎಂಬ ಆಸೆ ನಮಗೆ. ಆದರೆ ನಿಮ್ಮ ಜೀವನಚಕ್ರದಲ್ಲಿ ಸಾವು ಬರುವುದೇ ಇಲ್ಲ ಎಂಬುದನ್ನು ಪುಸ್ತಿಕೆಯ ಯಾವ ಪುಟದಲ್ಲಿ ಅಚ್ಚು ಹಾಕಿಸಿದ್ದಿರಿ?

ಬಿಸ್ಕಿಟ್ ಎಂಬ ಆ ಕಂದು ಬಿಳುಪಿನ ಗಿನಿಪಿಗ್ ವಾರಾಂತ್ಯಕ್ಕೆ ಒಂದೊಂದು ಮಗುವಿನ ಮನೆಗೆ ಹೋಗುವ ಪದ್ಧತಿ ಇತ್ತಲ್ಲ, ನವೆಂಬರಿನಲ್ಲಿ ಒಮ್ಮೆ ನಮ್ಮ ಸರದಿ ಬಂತು. ಆಗ ನನ್ನ ಅವ್ವ, ಶಿವಲಿಂಗವ್ವ, ಮೂರು ತಿಂಗಳ ವೀಸಾದ ಮೇಲೆ ಧಾರವಾಡದಿಂದ ಬಂದಿದ್ದಳು. ಗೂಡಿನೊಳಗೆ ಬಗ್ಗಿ ನೋಡಿ, "ಏನಲೇ ಇದು, ಬಾಲ ಇಲ್ಲದ ಹೆಗ್ಗಣ?" ಎಂದಳು. ಪ್ರಣತಿಗೆ ಸಿಟ್ಟು ಬಂತು. "ನೋ ಅಜ್ಜಿ, ಹಿ ಈಸ್ ಮೈ ಫ್ರೆಂಡ್" ಎಂದಳು. ಫ್ರೆಂಡ್ ಎಂದ ಮೇಲೆ ಅವ್ವ ಸೆರಗು ಕಟ್ಟಿ ಕೂತಳು. ಮೂಕಪ್ರಾಣಿ ಉಣ್ಣುವ ಮೊದಲು ನಾವು ಉಣ್ಣಬಾರದು ಎಂದು ಎರಡು ದಿನ ಅದಕ್ಕೆ ಕೊತ್ತಂಬರಿ ಕೊಟ್ಟ ಮೇಲೆಯೇ ನಮಗೆ ರೊಟ್ಟಿ ಬಡಿದಳು.

ಆಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆನ್ನಿನ ಕೂದಲು ಸರಿಸಿ ಸುಳಿ ಹುಡುಕಿದಳು. ದನದ ಸಂತೆಗೆ ಹೋಗುವವರ ಮನೆಯ ಮಗಳು ಅವಳು. ಕೂದಲು ಸುತ್ತುಹಾಕಿಕೊಂಡು ಬೆಳೆಯುವ ಆ ಜಾಗ ನೋಡಿಯೇ ನಮ್ಮ ಕಡೆ ಎತ್ತಿನ ಗುಣ ಹೇಳುತ್ತಾರೆ, ನೂರು ಎತ್ತಿನಲ್ಲಿ ತಮ್ಮದನ್ನು ಗುರುತಿಸುತ್ತಾರೆ. "ನಮ್ಮಪ್ಪ ಸುಳಿ ನೋಡದ ಎತ್ತ ತರತಿದ್ದಿಲ್ಲ. ನೋಡಿಲ್ಲೆ, ಎಡಕ್ಕ ಒಂದು, ನಡುವ ಒಂದು. ನಿನ್ನ ನೆತ್ತಿಮ್ಯಾಲೂ ಎರಡ ಅದಾವ. ನೀವಿಬ್ಬರೂ ಒಂದ ಜಾತಿ ಬಿಡವ್ವ" ಎಂದಳು. ಪ್ರಣತಿ ಒಂದು ಬೆರಳು ತನ್ನ ನೆತ್ತಿಯ ಮೇಲೆ, ಇನ್ನೊಂದು ಬಿಸ್ಕಿಟ್‌ನ ಬೆನ್ನ ಮೇಲೆ ಇಟ್ಟು ಎಷ್ಟು ಸಲ ಎಣಿಸಿದಳೋ ಲೆಕ್ಕವಿಲ್ಲ. ಡಿಸೆಂಬರಿನಲ್ಲಿ ಅವ್ವ ಊರಿಗೆ ಮರಳಿದ ಮೇಲೂ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ ಒಂದೇ: "ನಿನ್ನ ಎರಡ ಸುಳಿ ಗೆಳೆಯ ಉಂಡಾನ?"

ಜನವರಿಯ ನಡುಬೇಸಿಗೆಯಲ್ಲಿ ಸೋಮವಾರವೂ ರಜೆ ಸೇರಿ ಬಂದ ಲಾಂಗ್ ವೀಕೆಂಡ್ ನಿಮಗೆ ನೆನಪಿರಬೇಕು. ಪಶ್ಚಿಮ ಸಿಡ್ನಿಯಲ್ಲಿ ನಲವತ್ತೆರಡು ಡಿಗ್ರಿ. ಬಿಸ್ಕಿಟ್‌ನನ್ನು ಕರೆದೊಯ್ಯಬೇಕಿದ್ದ ಮನೆಯವರು ಕೊನೆಯ ಗಳಿಗೆಯಲ್ಲಿ ಆಗುವುದಿಲ್ಲ ಎಂದರಂತೆ. ಶುಕ್ರವಾರ ಸಂಜೆ ನೀವು ಏಸಿ ಆರಿಸಿ, ಬೀಗ ಹಾಕಿಕೊಂಡು ಹೋದಿರಿ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದವರು ಅದನ್ನು ಬ್ರೆಡ್ಡಿನ ಚೀಲದಲ್ಲಿ ಸುತ್ತಿ ಕೆಂಪು ಮುಚ್ಚಳದ ಕಸದ ಬಿನ್ನಿಗೆ ಹಾಕಿದರು. ಒಂದು ದಿನ ಗೂಡಿಗೆ ಬಟ್ಟೆ ಹೊದಿಸಿ, ಬಿಸ್ಕಿಟ್ ಮಲಗಿದ್ದಾನೆ ಎಂದು ಮಕ್ಕಳಿಗೆ ಹೇಳಿ, ಬುಧವಾರ ಹೊಸದನ್ನು ತಂದಿಟ್ಟಿರಿ. ಇದನ್ನು ಎಷ್ಟೋ ದಿನಗಳ ಮೇಲೆ ನನಗೆ ಹೇಳಿದವರು ಈಗ ನಿಮ್ಮಲ್ಲಿ ಕೆಲಸದಲ್ಲಿಲ್ಲ. ಹೇಳುವಾಗ ಅವರೂ ಅತ್ತರು.

ಬುಧವಾರ ಸಂಜೆ ಕಾರಿನ ಸೀಟಿಗೆ ಬೆಲ್ಟ್ ಹಾಕುತ್ತಿದ್ದಾಗ ಪ್ರಣತಿ ಅಂದಳು: "ಅಪ್ಪಾ, ದಟ್ಸ್ ನಾಟ್ ಬಿಸ್ಕಿಟ್. ಸುಳಿ ಓನ್ಲಿ ಒನ್." ನಾನು ಟ್ರಾಫಿಕ್ಕಿನ ಚಿಂತೆಯಲ್ಲಿದ್ದೆ, ಹ್ಞೂಂ ಅಂದೆ. ಗುರುವಾರ ಅದನ್ನೇ ಅವಳು ಎಲ್ಲ ಮಕ್ಕಳಿಗೂ ಹೇಳಿದಳು. ಶುಕ್ರವಾರ ನೀವು ನಮ್ಮನ್ನು ಕರೆಸಿದಿರಿ. ಅವಳ ಮಾತಿನಿಂದ ಇತರ ಮಕ್ಕಳಿಗೆ ಗಾಬರಿಯಾಗಿದೆ, ಅವಳಿಗೆ ಕಲ್ಪನಾಶಕ್ತಿ ಸ್ವಲ್ಪ ಹೆಚ್ಚು ಎಂದಿರಿ. ಎಷ್ಟು ಚಂದದ ಮಾತು! ಕಲ್ಪನೆ ಯಾರದಾಗಿತ್ತು, ನಿರ್ದೇಶಕರೇ?

ಈಗ ನನ್ನ ಪಾಲಿನದು. ಅಹಲ್ಯಾ, "ಒಂದ್ಸಲ ಆ ಗೂಡು ನೋಡ್ಬಿಟ್ಟು ಮಾತಾಡೋಣ ಕಣ್ರೀ" ಎಂದು ನನ್ನ ತೋಳು ಹಿಡಿದಳು. ನಾನು ಕೊಸರಿಕೊಂಡೆ. ಟೀಚರ್ ಹೇಳಿದ್ದಕ್ಕೆ ಎದುರಾಡಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ಬೆಳೆಸಿದ ಊರು ನನ್ನದು. ಮನೆಗೆ ದೂರು ಬಂದರೆ ನಮ್ಮಪ್ಪ ಏನಾಯಿತು ಎಂದು ಕೇಳುತ್ತಿರಲಿಲ್ಲ, ಮೊದಲು ಎರಡು ಬಾರಿಸಿ ಮಾಸ್ತರರ ಕಾಲಿಗೆ ಬೀಳಿಸುತ್ತಿದ್ದರು. ನಾನು ಹೊಡೆಯುವುದಿಲ್ಲ, ಸುಧಾರಿಸಿದ ಮನುಷ್ಯ. ಮಂಡಿಯೂರಿ ಕೂತು ಮೆತ್ತಗೆ ಹೇಳಿದೆ: "ಟೀಚರಿಗೆ ಎಲ್ಲಾ ಗೊತ್ತಿರತದವ್ವ. ಅವರು ಹೇಳಿದ್ದ ಖರೇ. ಸಾರಿ ಹೇಳು." ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಮುಗಿದು ನಿಮಗೆ ಸಾರಿ ಹೇಳಿದಳು. ನೀವು ತಲೆ ಸವರಿ, "ಗುಡ್ ಗರ್ಲ್" ಎಂದಿರಿ. ಎರಡು ಸುಳಿ ಇರುವ ತಲೆ ಅದು. ನಾನು ನಿಮಗೆ ಥ್ಯಾಂಕ್ಸ್ ಹೇಳಿ ಬಂದೆ.

ಅವ್ವ ಮೇ ತಿಂಗಳಲ್ಲಿ ತೀರಿಕೊಂಡಳು. ಅಣ್ಣ ಶೇಖರಪ್ಪನ ಮನೆಯಲ್ಲಿ, ಸಂಜೆ ಚಹಾ ಕುಡಿದವಳು ಹಾಗೇ ಗೋಡೆಗೆ ಒರಗಿದಳಂತೆ. ನಾನು ಹೋಗಿ ಮಣ್ಣು ಕೊಟ್ಟು ಬಂದೆ. ಬಂದ ದಿನ ಪ್ರಣತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಜ್ಜಿ ಸತ್ತುಹೋದಳು, ಇನ್ನು ಬರುವುದಿಲ್ಲ ಎಂದೆ. ಅವಳು ಬಣ್ಣ ಹಚ್ಚುತ್ತಿದ್ದಳು. ಅಳಲಿಲ್ಲ. "ಈಸ್ ದ ನ್ಯೂ ಅಜ್ಜಿ ಕಮಿಂಗ್ ಆನ್ ವೆನ್ಸ್‌ಡೇ?" ಎಂದು ಕೇಳಿದಳು. ನಾನು ಅವಳ ಕೈಯಿಂದ ಬಣ್ಣದ ಕಡ್ಡಿ ತೆಗೆದು ಕೆಳಗಿಟ್ಟೆ. ನಾನು ಸಿಟ್ಟಾಗಿದ್ದೇನೆಂದು ತಿಳಿದಳೋ ಏನೋ, ನನ್ನ ಕೈ ಮೇಲೆ ಕೈಯಿಟ್ಟು, "ಡೋಂಟ್ ವರಿ ಅಪ್ಪಾ, ಐ ವೋಂಟ್ ಸೇ ಶಿ ಈಸ್ ನಾಟ್ ಅಜ್ಜಿ" ಎಂದಳು.

ನನಗೆ ಹೆತ್ತವ್ವ ಸತ್ತ ದುಃಖವೇ ದೊಡ್ಡದು ಎಂದುಕೊಂಡಿದ್ದೆ.

ಹಾಗಾದರೆ ಮಕ್ಕಳ ಕೇಂದ್ರಗಳಲ್ಲಿ ಪ್ರಾಣಿಗಳೇ ಬೇಡವೇ? ನಾನು ಹಾಗೆ ಹೇಳುವವನಲ್ಲ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ನನ್ನ ಗೆಳೆಯ ಯೋಗೀಶನ ಮಗ ದರ್ಶನ್ ಹೋಗುವ ಕೇಂದ್ರದಲ್ಲಿ ಕೋಳಿಗಳಿವೆ. ಹೋದ ವರ್ಷ ಒಂದು ಸತ್ತಿತು. ಅಲ್ಲಿನ ಟೀಚರ್ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಸತ್ತಿದೆ ಎಂದು ಆ ಮಾತಿನಲ್ಲೇ ಹೇಳಿದರು. ಗುಂಡಿ ತೋಡಿದರು, ಮಕ್ಕಳು ಒಂದೊಂದು ಹಿಡಿ ಮಣ್ಣು ಹಾಕಿದರು. ದರ್ಶನ್ ಒಂದು ವಾರ ಮೊಟ್ಟೆ ಮುಟ್ಟದೆ ತಾಯಿಯ ತಲೆ ತಿಂದನಂತೆ. ಎಂಟನೆಯ ದಿನ ತಿಂದ. ಆಕಾಶವೇನೂ ಕಳಚಿ ಬೀಳಲಿಲ್ಲ. ಪ್ರಾಣಿ ಸಾಕುವವರಿಗೆ ಅದು ಸತ್ತಾಗ ನಿಜ ಹೇಳುವ ಗಂಟಲೂ ಇರಬೇಕು, ರಜೆಯಲ್ಲಿ ಅದರ ನೀರು ನೆರಳು ನೋಡುವ ಒಬ್ಬ ಮನುಷ್ಯನೂ ಇರಬೇಕು. ಎರಡೂ ಇಲ್ಲದವರು ಬಟ್ಟೆಯ ಗೊಂಬೆ ತಂದಿಡಲಿ. ಅದು ಬಿಸಿಲಿಗೆ ಸಾಯುವುದಿಲ್ಲ, ಅದರ ಬಗ್ಗೆ ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ.

ನನ್ನ ಬೇಡಿಕೆ ಒಂದೇ. ಫೀಸಿನಲ್ಲಿ ರಿಯಾಯಿತಿ ಬೇಡ, ವಿಷಾದದ ಇಮೇಲ್ ಬೇಡ. ಬರುವ ಗುರುವಾರ ಸಂಜೆ ಮಗಳನ್ನು ಕರೆದೊಯ್ಯಲು ಬರುತ್ತೇನೆ. ನೀವು ಅವಳೆತ್ತರಕ್ಕೆ ಕೂತು, ಬಿಸ್ಕಿಟ್ ಸತ್ತುಹೋಯಿತು, ನೀನು ಹೇಳಿದ್ದೇ ನಿಜ, ನಾವು ಸುಳ್ಳು ಹೇಳಿದೆವು ಎನ್ನಬೇಕು. ಇದನ್ನು ನಾನೇ ಹೇಳಬಹುದಲ್ಲ ಎನ್ನುತ್ತೀರಿ. ಹೇಳಿದೆ, ನಿರ್ದೇಶಕರೇ. ಕೈ ಮುಗಿದು ಅವಳಿಗೆ ಸಾರಿಯನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು: "ಡಿಡ್ ಟೀಚರ್ ಸೇ?"

ನೀವು ಹೇಳುವವರೆಗೆ ಅವಳ ಪಾಲಿಗೆ ಬಿಸ್ಕಿಟ್ ಸತ್ತಿಲ್ಲ. ನನ್ನ ಅವ್ವನೂ ಸತ್ತಿಲ್ಲ. ಬುಧವಾರ ಬಂದರೆ ಅವಳು ಬಾಗಿಲ ಕಡೆ ನೋಡುತ್ತಾಳೆ.

ಇಂತಿ,
ಟೀಚರ್ ಹೇಳಿದ್ದೇ ಖರೇ ಎಂದು ಮಗಳಿಗೆ ಕಲಿಸಿ ಈಗ ಅನುಭವಿಸುತ್ತಿರುವ
ಗುರುಬಸವ
ಸ್ಕೋಫೀಲ್ಡ್ಸ್, ಸಿಡ್ನಿ