ಮೆಟ್ಟಿಲು ತೊಳೆಯುವ ಸರದಿ

ಮಾರ್ಚ್ 9, ಸೋಮವಾರ. ಗ್ಲಾಸ್ಗೋ, ತಂಗಿ ಮನೆ.

ಗ್ಯಾಸ್ ಸೋರಿ ನಮ್ಮ ಕಟ್ಟಡ ಸಿಡಿದು ಹನ್ನೆರಡು ದಿನ. ಪಕ್ಕದ ಮನೆಯ ಐಲ್ಸಾ ಅಜ್ಜಿ ತೀರಿಹೋದಳು.

ಮೆಟ್ಟಿಲ ಹತ್ತಿರ ಗ್ಯಾಸ್ ವಾಸನೆ ಅಂತ ನಾನು ಗ್ಯಾಸ್ ಕಂಪನಿಗೆ ಮೂರು ಸಲ ಫೋನ್ ಮಾಡಿದ್ದೆ. ಕೊನೆಗೂ ಬಂದಿದ್ದ ಗ್ಯಾಸಿನವನು ಇವತ್ತು ತನಿಖೆಯವರ ಮುಂದೆ, "ಫಿನಾಯಿಲ್ ಬಿಟ್ಟು ಬೇರೆ ವಾಸನೆನೇ ಇರ್ಲಿಲ್ಲ" ಅಂದ.

ನಿಜವೇ. ನಮ್ಮ ಕಟ್ಟಡದಲ್ಲಿ ಮೆಟ್ಟಿಲು ತೊಳೆಯೋ ಸರದಿ ಯಾರದೋ ಅವರ ಬಾಗಿಲಿಗೆ ಚೀಟಿ ತೂಗುಹಾಕ್ತಾರೆ, ತೊಳೆದವರು ಅದನ್ನ ಮುಂದಿನ ಮನೆಗೆ ದಾಟಿಸಬೇಕು; ಆ ವಾರ ಅದು ನನ್ನ ಬಾಗಿಲಲ್ಲಿ ತೂಗುತ್ತಿತ್ತು. "ಹೊರಗಿನವನು ಬರ್ತಾನೆ ಕಣೇ, ಮೆಟ್ಟಿಲು ಹೀಗಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?" ಅಂದಿದ್ದಳು ಅಜ್ಜಿ. ಅವನು ಬರೋ ಮುಂಚೆ ಇಡೀ ಬಾಟಲಿ ಫಿನಾಯಿಲ್ ಸುರಿದು ತಿಕ್ಕಿದ್ದೆ.

ಆದರೆ ಗ್ಯಾಸ್ ಪತ್ತೆ ಮಾಡೋ ಮೀಟರು ಫಿನಾಯಿಲಿಗೆ ಮೋಸಹೋಗುತ್ತಾ? ಅವನು ಅದನ್ನ ಚೀಲದಿಂದ ತೆಗೆದನಾ? ಯಾರೂ ಕೇಳಲಿಲ್ಲ. ನಾಳೆ ನಾನೇ ಕೇಳ್ತೀನಿ. ತೊಳೆದದ್ದು ಯಾರು ಅಂತ ಅವರೂ ಕೇಳಲಿ, ಹೇಳ್ತೀನಿ.

ತೊಳೆದಾದ ಮೇಲೆ ಬಾಗಿಲಿಂದ ತೆಗೆದ ಚೀಟಿ ಇನ್ನೂ ನನ್ನ ಕೋಟಿನ ಜೇಬಲ್ಲೇ ಇದೆ. ಮುಂದಿನ ಸರದಿ ಅಜ್ಜಿಯದು.